ಹೆಪ್ಪುಗಟ್ಟಲೊಲ್ಲದ ದ್ರವ, ಹಳೇಬೀಡಿನ ಕಲ್ಲು

ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ನೀರು ನೀರಾಗಿಯೇ ಉಳಿಯುತ್ತದೆ. ಸಾವಿರ ಡಿಗ್ರಿಯಲ್ಲಿ ಕುದಿದ ಲೋಹವೂ ಗಟ್ಟಿಯಾಗುವ ಹೊತ್ತಿಗೆ ಹಟ ಹಿಡಿಯುತ್ತದೆ. ಆ ಹಟದ ಒಳಗುಟ್ಟನ್ನು ಬಿಡಿಸಿದ್ದು ಎಕ್ಸ್‌ರೇ. 335 ಕೋಟಿ ವರ್ಷ ಹಿಂದಿನ ಅಂಥದೇ ಒಂದು ಘಟನೆಯ ಗುರುತು ಅರಸೀಕೆರೆ ಸೀಮೆಯ ಹೊಲಗಳಲ್ಲಿ ಬಿಸಿಲಿಗೆ ಮೈಯೊಡ್ಡಿ ಬಿದ್ದಿದೆ!

ಕೃತ್ತಿಕಾ ಮಳೆಯ ದಿನಗಳು. ಮಧ್ಯಾಹ್ನದವರೆಗೂ ಅರಸೀಕೆರೆಯಲ್ಲಿ ತೆಂಗಿನ ಗರಿ ಅಲುಗಿರುವುದಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಕಪ್ಪು ಕಟ್ಟುತ್ತದೆ, ಧೂಳೆಬ್ಬಿಸಿಕೊಂಡು ಗಾಳಿ ಬರುತ್ತದೆ. ಊರಂಚಿನ ಶಿವಾಲಯದ ಚಪ್ಪಡಿಗಳ ಮೇಲೆ ನಾಲ್ಕು ದಪ್ಪ ಹನಿ ಬಿದ್ದವೋ ಇಲ್ಲವೋ, ಟಪಟಪನೆ ಬೇರೆಯದೇ ಸದ್ದು. ಆಲಿಕಲ್ಲು!

ಮಕ್ಕಳು ಅಂಗಳಕ್ಕೆ ನುಗ್ಗುತ್ತಾರೆ. ಹಿರಿಯರು ಮಂಟಪದೊಳಗೆ ಸರಿದು ಕೂಗಿ ಕರೆಯುತ್ತಾರೆ. ಗೋಲಿ ಗಾತ್ರದ ಮಂಜುಗಡ್ಡೆಗಳು ಹೊಯ್ಸಳರ ಕಲ್ಲಿನ ಮೇಲೆ ಪುಟಿದು, ಉರುಳಿ, ಮೂಲೆ ಸೇರಿ ಕರಗುತ್ತವೆ.

ಒಂದನ್ನು ಎತ್ತಿಕೊಂಡು ಅಡ್ಡಕ್ಕೆ ಕತ್ತರಿಸಿದರೆ ಒಳಗೆ ಸುತ್ತು ಸುತ್ತಾಗಿ ಪದರಗಳು ಕಾಣುತ್ತವೆ, ಒಂದು ಹಾಲಿನಂತೆ ಬಿಳಿ, ಇನ್ನೊಂದು ತಿಳಿ. ಏಳೆಂಟು ಕಿಲೋಮೀಟರ್ ಎತ್ತರದಲ್ಲಿ ಈ ಗಡ್ಡೆ ಬೆಳೆದ ಚರಿತ್ರೆ ಅದು. ಅಲ್ಲಿನ ಉಷ್ಣತೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುತ್ತದೆ. ಆದರೂ ಮೋಡದ ಸಣ್ಣ ಹನಿಗಳು ಹೆಪ್ಪುಗಟ್ಟಿರುವುದಿಲ್ಲ, ದ್ರವವಾಗಿಯೇ ತೇಲುತ್ತಿರುತ್ತವೆ. ಬೆಳೆಯುತ್ತಿರುವ ಆಲಿಕಲ್ಲು ಅವುಗಳ ನಡುವೆ ಹಾದುಹೋದಾಗ, ತಾಗಿದ ಹನಿಗಳು ಒಡನೆಯೇ ಗಟ್ಟಿಯಾಗಿ ಅದರ ಮೈಗೆ ಮೆತ್ತಿಕೊಳ್ಳುತ್ತವೆ.

ಗಟ್ಟಿಯಾಗಬೇಕಾದ ಉಷ್ಣತೆಯನ್ನು ದಾಟಿ ಕೆಳಗಿಳಿದರೂ ದ್ರವವಾಗಿಯೇ ಉಳಿದಿರುವ ಇಂಥ ವಸ್ತುವಿಗೆ ಅತಿಶೀತಲ ದ್ರವ ಎಂದು ಹೆಸರು. ಅದು ಯಾಕೆ ಹಾಗೆ ಉಳಿಯುತ್ತದೆ? ಅದರೊಳಗೆ ಪರಮಾಣುಗಳು ಹೇಗೆ ನಿಂತಿರುತ್ತವೆ? ಮುನ್ನೂರು ವರ್ಷಗಳ ಈ ಪ್ರಶ್ನೆಗೆ ಉತ್ತರ ಹುಡುಕಿದ ದಾರಿ ಕೋಲ್ಕತ್ತ, ಬ್ರಿಸ್ಟಲ್, ಷಿಕಾಗೊ, ಬೆಂಗಳೂರುಗಳನ್ನು ಹಾಯ್ದಿದೆ. ಅದರ ಒಂದು ಕವಲು ಬೇಲೂರು, ಹಳೇಬೀಡುಗಳ ಕಲ್ಲಿನ ಹುಟ್ಟಿನ ತನಕ ಕರೆದೊಯ್ಯುತ್ತದೆ ಎಂಬುದು ನನ್ನನ್ನು ಬಹುಕಾಲದಿಂದ ಹಿಡಿದು ನಿಲ್ಲಿಸಿರುವ ಸಂಗತಿ.

ಒಂದೇ ಪ್ರಯೋಗಶಾಲೆ, ಎರಡು ಎದುರು ದಾರಿ

ನೀರು ಹೀಗೆ ಹೆಪ್ಪುಗಟ್ಟದೆ ಉಳಿಯುವುದನ್ನು ಮೊದಲು ಬರೆದಿಟ್ಟವರಲ್ಲಿ ಉಷ್ಣಮಾಪಕದ ಫ್ಯಾರನ್‌ಹೀಟ್ ಒಬ್ಬ. ಗಾಜಿನ ಬುರುಡೆಯೊಳಗೆ ನೀರು ತುಂಬಿ, ಬಾಯಿ ಬೆಸೆದು ಹೊರಗಿನ ಚಳಿಗೆ ಇಟ್ಟಿದ್ದ. ಅವನದೇ ಮಾಪಕದಲ್ಲಿ ನೀರು 32ಕ್ಕೆ ಹೆಪ್ಪುಗಟ್ಟಬೇಕು. 15ಕ್ಕೆ ಇಳಿದರೂ ಅದು ನೀರಾಗಿಯೇ ಇತ್ತು. ಬುರುಡೆಯ ಕೊಳವೆ ಮುರಿದದ್ದೇ ತಡ, ಒಳಗೆಲ್ಲ ಮಂಜಿನ ಚೂರುಗಳು ಹರಡಿದವು. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಸಂಗತಿ ಅಚ್ಚಾಯಿತು.

ನೀರಿಗೆ ಗಟ್ಟಿಯಾಗಲು ಒಂದು ನೆಪ ಬೇಕು. ಧೂಳಿನ ಕಣ, ಪಾತ್ರೆಯ ಗೀರು, ಮೊದಲೇ ಇರುವ ಮಂಜಿನ ಚೂರು, ಯಾವುದಾದರೂ ಆದೀತು. ಅಂಥ ಬೀಜ ಸಿಕ್ಕಿದರೆ ಅದರ ಸುತ್ತ ಹರಳು ಬೆಳೆಯುತ್ತದೆ. ಸಿಗದಿದ್ದರೆ ದ್ರವ ತನ್ನೊಳಗೇ ಮೊದಲ ಹರಳನ್ನು ಕಟ್ಟಿಕೊಳ್ಳಬೇಕು, ಅದಕ್ಕೆ ಬಹಳ ಶಕ್ತಿ ಬೇಕು. ಮೋಡದ ಶುದ್ಧ ಹನಿಗಳು ಸುಮಾರು ಮೈನಸ್ 38 ಡಿಗ್ರಿಯವರೆಗೂ ಈ ಬೆಲೆ ತೆರದೆ ತೇಲಾಡಬಲ್ಲವು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಇಬ್ಬರು ಕೆಲಸ ಮಾಡುತ್ತಿದ್ದರು. ಒಬ್ಬರದು ಹೆಪ್ಪುಗಟ್ಟಿಸುವ ಕೆಲಸ, ಇನ್ನೊಬ್ಬರದು ಹೆಪ್ಪುಗಟ್ಟದಂತೆ ತಡೆಯುವ ಕೆಲಸ.

ಮೊದಲನೆಯವರು ಬರ್ನಾರ್ಡ್ ವಾನೆಗಟ್. ಮೋಡದ ಅತಿಶೀತಲ ಹನಿಗಳನ್ನು ಮಂಜಾಗಿಸಬಲ್ಲ ಬೀಜಕ್ಕಾಗಿ ಅವರು ಹುಡುಕಿದ್ದು ಎಲ್ಲಿ ಗೊತ್ತೆ? ಎಕ್ಸ್‌ರೇ ಅಳತೆಗಳ ಪಟ್ಟಿಯಲ್ಲಿ. ನೂರಾರು ಹರಳುಗಳೊಳಗೆ ಪರಮಾಣುಗಳು ಎಷ್ಟೆಷ್ಟು ದೂರದಲ್ಲಿವೆ ಎಂದು ಆ ಹೊತ್ತಿಗೆ ಎಕ್ಸ್‌ರೇ ಅಳೆದು ಕೊಟ್ಟಿತ್ತು. ಮಂಜುಗಡ್ಡೆಯ ಅಳತೆಗೆ ಹತ್ತಿರವಾದದ್ದನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಸಿಲ್ವರ್ ಅಯೊಡೈಡ್. ಎರಡರ ಅಂತರ ಶೇಕಡ 2ಕ್ಕೂ ಕಡಿಮೆ. 1946ರ ನವೆಂಬರ್‌ನಲ್ಲಿ ಅದು ಕೆಲಸ ಮಾಡಿತು. ಬರಗಾಲ ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆಗೆ ಬರುವ ಮೋಡ ಬಿತ್ತನೆಯ ಬೇರು ಇಲ್ಲಿದೆ. 2017ರಲ್ಲಿ ಕರ್ನಾಟಕ ಸರ್ಕಾರ ನಡೆಸಿದ ‘ವರ್ಷಧಾರೆ’ ಯೋಜನೆಯ ವಿಮಾನಗಳು ಹೊತ್ತೊಯ್ದ ರಾಸಾಯನಿಕಗಳಲ್ಲಿ ಸಿಲ್ವರ್ ಅಯೊಡೈಡ್ ಕೂಡ ಇತ್ತು.

ಎರಡನೆಯವರು ಡೇವಿಡ್ ಟರ್ನ್‌ಬುಲ್. ಅವರು ಲೋಹವನ್ನು ಕರಗಿಸಿ, ಕೂದಲೆಳೆಯ ಗಾತ್ರದ ಸಾವಿರಾರು ಹನಿಗಳಾಗಿ ಒಡೆದರು. ಕೊಳೆ ಇದ್ದರೆ ಕೆಲವು ಹನಿಗಳಲ್ಲಿ ಮಾತ್ರ ಇದ್ದೀತು, ಉಳಿದವು ಶುದ್ಧವಾಗಿ ಉಳಿದಾವು ಎಂಬುದು ಲೆಕ್ಕ. 1950ರಲ್ಲಿ ಅವರೂ ಆರ್.ಇ. ಸೆಕ್ ಅವರೂ ಪ್ರಕಟಿಸಿದ ಫಲಿತಾಂಶ ಲೋಹವಿಜ್ಞಾನಿಗಳನ್ನು ಬೆಚ್ಚಿಬೀಳಿಸಿತು. 1455 ಡಿಗ್ರಿಯಲ್ಲಿ ಗಟ್ಟಿಯಾಗಬೇಕಿದ್ದ ನಿಕಲ್ ಅದಕ್ಕಿಂತ ಮುನ್ನೂರು ಡಿಗ್ರಿ ಕೆಳಗಿಳಿದರೂ ದ್ರವವಾಗಿಯೇ ಇತ್ತು!

ಅಲ್ಲಿಯವರೆಗೆ ಎಲ್ಲರ ನಂಬಿಕೆ ಬೇರೆ ಇತ್ತು. ಲೋಹದ ದ್ರವದಲ್ಲೂ ಹರಳಿನಲ್ಲೂ ಪರಮಾಣುಗಳು ಒತ್ತೊತ್ತಾಗಿಯೇ ಇರುತ್ತವೆ, ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಅಂದಮೇಲೆ ದ್ರವದಿಂದ ಹರಳಿಗೆ ಜಾರುವುದು ಸುಲಭವಿರಬೇಕಲ್ಲ? ಮುನ್ನೂರು ಡಿಗ್ರಿಯ ತಡೆ ಎಲ್ಲಿಂದ ಬಂತು?

ಉಂಗುರದೊಳಗಿನ ಲೆಕ್ಕ

ದ್ರವದೊಳಗೆ ನೋಡಬೇಕಾದರೆ ಬೆಳಕು ಸಾಲದು. ಪರಮಾಣುಗಳ ನಡುವಿನ ದೂರ ಒಂದು ಮಿಲಿಮೀಟರಿನ ಕೋಟಿಯಲ್ಲಿ ಎರಡು ಮೂರು ಪಾಲು. ಕಣ್ಣಿಗೆ ಕಾಣುವ ಬೆಳಕಿನ ಅಲೆ ಅದಕ್ಕಿಂತ ಸಾವಿರಾರು ಪಟ್ಟು ಉದ್ದ. ಎಕ್ಸ್‌ರೇಯ ಅಲೆಯಾದರೆ ಸರಿಯಾಗಿ ಆ ಅಳತೆಯದು.

ಹರಳಿನ ಮೇಲೆ ಎಕ್ಸ್‌ರೇ ಬಿಟ್ಟರೆ, ಸಾಲುಸಾಲಾಗಿ ನಿಂತ ಪರಮಾಣುಗಳಿಂದ ಚದುರಿದ ಅಲೆಗಳು ಕೆಲವೇ ದಿಕ್ಕುಗಳಲ್ಲಿ ಒಂದಕ್ಕೊಂದು ಕೂಡಿ ಬಲಗೊಳ್ಳುತ್ತವೆ, ಉಳಿದೆಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಫಿಲ್ಮಿನ ಮೇಲೆ ಚೂಪಾದ ಚುಕ್ಕೆಗಳು ಮೂಡುತ್ತವೆ. ವಿವರ್ತನೆ ಎನ್ನುವುದು ಇದಕ್ಕೆ. ದ್ರವದ ಮೇಲೆ ಬಿಟ್ಟರೆ ಚುಕ್ಕೆಗಳಿಲ್ಲ. ಮಬ್ಬಾದ, ಅಗಲವಾದ ಉಂಗುರ ಒಂದೆರಡು.

ಆ ಮಬ್ಬು ಉಂಗುರವನ್ನು ಕೈಬಿಡದೆ ಹಿಂಬಾಲಿಸಿದ ಮೊದಲಿಗರಲ್ಲಿ ಇಬ್ಬರು ನಮ್ಮವರು. 1923ರಲ್ಲಿ ಆಗಿನ ಕಲ್ಕತ್ತದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್‌ನಲ್ಲಿ ಸಿ.ವಿ. ರಾಮನ್ ಮತ್ತು ಕೆ.ಆರ್. ರಾಮನಾಥನ್ ಸೇರಿ ದ್ರವಗಳಲ್ಲಿ ಎಕ್ಸ್‌ರೇ ವಿವರ್ತನೆಯನ್ನು ಕುರಿತು ದೀರ್ಘ ಪ್ರಬಂಧ ಬರೆದರು. ದ್ರವ ಎಲ್ಲೆಡೆ ಒಂದೇ ಸಮನಾಗಿಲ್ಲ, ಅದರ ಸಾಂದ್ರತೆ ಕ್ಷಣಕ್ಷಣಕ್ಕೂ ಅಲ್ಲಲ್ಲಿ ಏರಿಳಿಯುತ್ತಿರುತ್ತದೆ. ಬೆಳಕು ಚದುರುವುದು ಆ ಏರಿಳಿತದಿಂದ ಎಂದು ಆಗಲೇ ತಿಳಿದಿತ್ತು. ಅದೇ ವಿಚಾರವನ್ನು ಅವರು ಎಕ್ಸ್‌ರೇಗೂ ಒಯ್ದರು. ಉಂಗುರದ ಗಾತ್ರ ಅಣುಗಳ ನಡುವಿನ ಸರಾಸರಿ ದೂರವನ್ನು ಹೇಳುತ್ತದೆ; ಉಂಗುರದ ಒಳಗೆ, ಕಿರಣದ ನೇರದಲ್ಲಿ, ಚದುರಿಕೆ ಏಕೆ ಕ್ಷೀಣ ಎಂಬುದನ್ನು ದ್ರವ ಎಷ್ಟು ಕುಗ್ಗಬಲ್ಲದು ಎಂಬ ಗುಣದಿಂದ ವಿವರಿಸಬಹುದು.

ಐದು ವರ್ಷಗಳ ನಂತರ ಬಂದ ರಾಮನ್ ಪರಿಣಾಮದ ಪ್ರಭೆಯಲ್ಲಿ ಈ ಕೆಲಸ ಮರೆಗೆ ಸರಿಯಿತು. ಫೆಬ್ರುವರಿ 28ರ ವಿಜ್ಞಾನ ದಿನದ ಭಾಷಣಗಳಲ್ಲಿ ಇದರ ಹೆಸರು ಕೇಳಿಬರುವುದು ಅಪರೂಪ. ಹಾಗಾಗಬಾರದಿತ್ತು. ದ್ರವಗಳ ಒಳರಚನೆಯನ್ನು ಕುರಿತ ಶೋಧದಲ್ಲಿ ಅದು ತೀರ ಮೊದಲಿನ ಹೆಜ್ಜೆಗಳಲ್ಲಿ ಒಂದು. 1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದು ಇಲ್ಲಿಯವರೇ ಆಗಿಬಿಟ್ಟರು. ರಾಮನಾಥನ್ ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು.

ಇಂದು ಆ ಉಂಗುರದ ಬೆಳಕು ಎಲ್ಲಿ ಎಷ್ಟಿದೆ ಎಂದು ಅಳೆದು, ಗಣಿತದಿಂದ ತಿರುಗಿಸಿ, ಒಂದು ಪರಮಾಣುವಿನಿಂದ ಇಷ್ಟು ದೂರದಲ್ಲಿ ಸರಾಸರಿ ಇಷ್ಟು ನೆರೆಯವರಿದ್ದಾರೆ ಎಂಬ ಲೆಕ್ಕ ತೆಗೆಯುತ್ತಾರೆ. ಚಿತ್ರವಲ್ಲ, ಲೆಕ್ಕ. ಆ ಲೆಕ್ಕಕ್ಕೆ ಹೊಂದುವ ಜೋಡಣೆ ಯಾವುದು ಎಂದು ಊಹಿಸುವುದೇ ಈ ವಿದ್ಯೆಯ ಕಷ್ಟ ಮತ್ತು ಸೊಗಸು.

> ಎಕ್ಸ್‌ರೇ ಹಾದಿ
> 1895: ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದರು.
> 1912: ಜರ್ಮನಿಯ ಮ್ಯೂನಿಕ್‌ನಲ್ಲಿ ಲಾವೆ ಮತ್ತು ಸಂಗಡಿಗರು ಹರಳಿನಿಂದ ಎಕ್ಸ್‌ರೇ ಚದುರಿ ಚುಕ್ಕೆಗಳಾಗುವುದನ್ನು ತೋರಿಸಿದರು.
> 1915: ಚುಕ್ಕೆಗಳಿಂದ ಹರಳಿನ ರಚನೆ ಓದುವುದನ್ನು ಕಲಿಸಿದ ಬ್ರ್ಯಾಗ್ ತಂದೆ–ಮಗನಿಗೆ ನೊಬೆಲ್. ಮಗನಿಗೆ ಆಗ 25 ವರ್ಷ.
> 1923: ದ್ರವಗಳನ್ನು ಕುರಿತು ರಾಮನ್–ರಾಮನಾಥನ್ ಪ್ರಬಂಧ.

ಐದರ ಸಮಸ್ಯೆ, ಅರಸೀಕೆರೆಯ ನಕ್ಷತ್ರ

ಟರ್ನ್‌ಬುಲ್ ಅವರ ಒಗಟಿಗೆ 1952ರಲ್ಲಿ ಬ್ರಿಸ್ಟಲ್‌ನ ಚಾರ್ಲ್ಸ್ ಫ್ರಾಂಕ್ ಒಂದು ಪರಿಹಾರ ಸೂಚಿಸಿದರು. ಅದನ್ನು ಅವರು ಹೇಳಿದ್ದು ಕೆಲವೇ ಸಾಲುಗಳಲ್ಲಿ.

ಒಂದು ಗುಂಡಿನ ಸುತ್ತ ಅದೇ ಗಾತ್ರದ 12 ಗುಂಡುಗಳನ್ನು ತಾಗಿಸಿ ಇಡಬಹುದು. ಅದಕ್ಕೆ ಹಲವು ಬಗೆಗಳಿವೆ. ಹರಳಿನಲ್ಲಿ ಕಾಣುವ ಬಗೆ ಬೇರೆ. ಇನ್ನೊಂದು ಬಗೆಯಲ್ಲಿ 12 ಗುಂಡುಗಳು 20 ತ್ರಿಕೋನಗಳ ಆಕೃತಿಯ ಮೂಲೆಗಳಲ್ಲಿ ಕೂರುತ್ತವೆ, ಪ್ರತಿ ಮೂಲೆಯಲ್ಲೂ ಐದು ತ್ರಿಕೋನಗಳು ಸೇರುತ್ತವೆ. ಐಕೋಸಾಹೆಡ್ರನ್ ಎಂದು ಅದರ ಹೆಸರು. ಫ್ರಾಂಕ್ ಲೆಕ್ಕ ಹಾಕಿದಾಗ, 13 ಪರಮಾಣುಗಳ ಸಣ್ಣ ಗುಂಪಿಗೆ ಈ ಬಗೆಯೇ ಹೆಚ್ಚು ಹಿತ ಎಂದು ಕಂಡಿತು. ಹರಳಿನ ಬಗೆಗಿಂತ ಇದರ ಬಂಧನ ಶೇಕಡ 8.4ರಷ್ಟು ಬಿಗಿ.

ಆದರೆ ಇದಕ್ಕೊಂದು ತೊಡಕಿದೆ. ಆ ತೊಡಕನ್ನು ತಿಳಿಯಲು ಅರಸೀಕೆರೆಯ ಶಿವಾಲಯಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಸುಮಾರು 1220ರಲ್ಲಿ ಕಟ್ಟಿದ ಈ ದೇವಾಲಯದ ಮುಂದಿನ ತೆರೆದ ಮಂಟಪಕ್ಕೆ 16 ಮೂಲೆಗಳ ನಕ್ಷತ್ರದ ತಳವಿನ್ಯಾಸ. ಒಂದು ಚೌಕವನ್ನು ನಡುಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕ ಗೀಚಿದರೆ ಅಂಥ ನಕ್ಷತ್ರ ಸಿಗುತ್ತದೆ. ಒಂದೇ ಮಂಟಪವಾದರೆ ಪರಮಸುಂದರ. ಈಗ ಅಂಥದೇ ಮಂಟಪಗಳನ್ನು ಒಂದರ ಪಕ್ಕ ಒಂದು, ಸಂದಿ ಬಿಡದೆ, ಊರ ತುಂಬ ಕಟ್ಟಲು ಹೊರಡಿ. ಆಗುವುದಿಲ್ಲ. ಮೂಲೆಗಳ ನಡುವೆ ತುಂಬಲಾಗದ ತೆರವು ಉಳಿದೇ ಉಳಿಯುತ್ತದೆ. ಚೌಕದಿಂದ ನೆಲ ತುಂಬುತ್ತದೆ, ಆರು ಮೂಲೆಯ ಆಕೃತಿಯಿಂದಲೂ ತುಂಬುತ್ತದೆ. ಸಮನಾದ ಐದು ಮೂಲೆಯದರಿಂದ ಇಲ್ಲ, ಹದಿನಾರರ ನಕ್ಷತ್ರದಿಂದಲೂ ಇಲ್ಲ.

ಹರಳು ಎಂದರೆ ಒಂದೇ ಜೋಡಣೆ ಎಲ್ಲ ದಿಕ್ಕಿಗೂ ಮರುಕಳಿಸುವುದು. ಐದರ ಜೋಡಣೆ ಹಾಗೆ ಮರುಕಳಿಸಲಾರದು. ದ್ರವದಲ್ಲಿ ಪರಮಾಣುಗಳು ಹದಿಮೂರರ ಗುಂಪುಗಳಾಗಿ ಹಿತವಾಗಿ ನೆಲೆಸಿದ್ದರೆ, ಹರಳಾಗಲು ಮೊದಲು ಆ ಗುಂಪನ್ನು ಒಡೆದುಕೊಳ್ಳಬೇಕು. ನಿಕಲ್ ತೋರಿದ ತಡೆ ಇದೇ ಇರಬೇಕು ಎಂದರು ಫ್ರಾಂಕ್. ದ್ರವದಲ್ಲಿ ಕ್ರಮವಿಲ್ಲದ್ದರಿಂದ ಅದು ಗಟ್ಟಿಯಾಗುತ್ತಿಲ್ಲ ಎಂದು ನಾವು ಭಾವಿಸುತ್ತೇವೆ. ಅವರು ಹೇಳಿದ್ದು ಅದಕ್ಕೆ ತದ್ವಿರುದ್ಧ. ದ್ರವದಲ್ಲಿ ಆಗಲೇ ಒಂದು ಕ್ರಮವಿದೆ, ಹರಳಿನ ಕ್ರಮಕ್ಕೆ ಅದು ಹೊಂದುತ್ತಿಲ್ಲ, ಅಷ್ಟೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಿಚಾರ ಇದು.

ನಿರ್ವಾತದಲ್ಲಿ ನಿಂತ ಹನಿ

ಸೂಚನೆ ಸೊಗಸಾಗಿತ್ತು, ಆದರೆ ಸಾಬೀತು ಮಾಡಲು ಅರ್ಧ ಶತಮಾನ ಹಿಡಿಯಿತು. ಕಾಯಿಸಿದ ಲೋಹವನ್ನು ಯಾವ ಪಾತ್ರೆಯಲ್ಲಿಟ್ಟರೂ ಪಾತ್ರೆಯ ಗೋಡೆಯೇ ಬೀಜವಾಗಿ ಹರಳು ಹುಟ್ಟಿಸುತ್ತದೆ. ಪಾತ್ರೆಯೇ ಇಲ್ಲದೆ ಅಳೆಯಬೇಕು!

ಕೊನೆಗೆ ಹಾಗೆಯೇ ಮಾಡಿದರು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕೆನೆತ್ ಕೆಲ್ಟನ್ ಮತ್ತು ನಾಸಾದ ಸಂಗಾತಿಗಳು ಟೈಟೇನಿಯಂ, ಜಿರ್ಕೋನಿಯಂ, ನಿಕಲ್ ಬೆರೆಸಿದ ಪುಟ್ಟ ಹನಿಯೊಂದನ್ನು ನಿರ್ವಾತದಲ್ಲಿ ವಿದ್ಯುತ್ ಬಲದಿಂದ ಎತ್ತಿ ನಿಲ್ಲಿಸಿದರು. ಲೇಸರಿನಿಂದ ಕಾಯಿಸಿ ಕರಗಿಸಿದರು, ಆಮೇಲೆ ಲೇಸರ್ ಆರಿಸಿದರು. ಏನನ್ನೂ ಮುಟ್ಟದೆ, ಕೆಂಡದಂತೆ ಹೊಳೆಯುತ್ತ, ಹನಿ ತಣಿಯತೊಡಗಿತು. ಷಿಕಾಗೊ ಬಳಿಯ ಆರ್ಗಾನ್ ಪ್ರಯೋಗಾಲಯದ ಸಿಂಕ್ರೊಟ್ರಾನ್ ಯಂತ್ರದಿಂದ ಬಂದ ತೀಕ್ಷ್ಣ ಎಕ್ಸ್‌ರೇ ಅದನ್ನು ಹಾಯ್ದುಹೋಗುತ್ತಿತ್ತು.

ಹನಿ ತಣಿದಂತೆ ಎರಡನೆಯ ಉಂಗುರದ ಹೊರ ಅಂಚು ಸ್ವಲ್ಪ ಉಬ್ಬಿತು. ಐಕೋಸಾಹೆಡ್ರನ್ ಗುಂಪುಗಳಿದ್ದರೆ ಕಾಣಬೇಕಾದ ಗುರುತೇ ಅದು. ತಣಿದಷ್ಟೂ ಗುರುತು ಸ್ಪಷ್ಟವಾಯಿತು.

ಆಮೇಲೆ ನಡೆದದ್ದು ಇನ್ನೂ ದೊಡ್ಡದು. ದ್ರವ ಗಟ್ಟಿಯಾಗುವಾಗ ಒಳಗಿನ ಶಾಖ ಹೊರಬಿದ್ದು ಹನಿ ಫಕ್ಕನೆ ಬೆಳಗುತ್ತದೆ. ಈ ಹನಿ ಎರಡು ಸಲ ಬೆಳಗಿತು. ಮೊದಲ ಸಲ ಅದು ಆದದ್ದು ಸಹಜವಾದ ಹರಳಲ್ಲ, ಕ್ವಾಸಿಕ್ರಿಸ್ಟಲ್. ಮರುಕಳಿಕೆಯಿಲ್ಲದ, ಆದರೆ ಐದರ ಕ್ರಮವನ್ನು ಉಳಿಸಿಕೊಂಡ ಘನ ಅದು. ಕೆಲವೇ ಕ್ಷಣಗಳಲ್ಲಿ ಎರಡನೆಯ ಬೆಳಕಿನೊಂದಿಗೆ ಸ್ಥಿರ ಹರಳಾಯಿತು. ತನ್ನೊಳಗಿನ ಐದರ ಜೋಡಣೆಗೆ ಹತ್ತಿರವಾದ ರೂಪವನ್ನೇ ದ್ರವ ಮೊದಲು ಆರಿಸಿಕೊಂಡಿತ್ತು. 2003ರಲ್ಲಿ ಇದು ಪ್ರಕಟವಾದಾಗ ಫ್ರಾಂಕ್ ತೀರಿಕೊಂಡು ಐದು ವರ್ಷವಾಗಿತ್ತು.

ಕ್ವಾಸಿಕ್ರಿಸ್ಟಲ್ ಕಂಡುಹಿಡಿದ ಇಸ್ರೇಲಿನ ಡಾನ್ ಶೆಕ್ಟ್‌ಮನ್ ಅವರಿಗೆ 2011ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. 1984ರಲ್ಲಿ ಆ ಶೋಧ ಅಚ್ಚಾದ ಕೂಡಲೇ ಅದರ ಬೆನ್ನು ಹತ್ತಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಮತ್ತು ಕೆ. ಚಟ್ಟೋಪಾಧ್ಯಾಯ ಇದ್ದರು. ಮರುವರ್ಷವೇ ಅವರ ಲೇಖನಗಳು ಹೊರಬಂದವು.

> ಮೈನಸ್ 46ರ ನೀರು
> ಎಷ್ಟು ಜಾಗ್ರತೆ ಮಾಡಿದರೂ ನೀರು ಸುಮಾರು ಮೈನಸ್ 40ರ ಆಚೀಚೆ ತಾನಾಗಿ ಮಂಜಾಗಿಬಿಡುತ್ತದೆ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿರುವ ಎಕ್ಸ್‌ರೇ ಲೇಸರ್ ಬಳಸಿ ವಿಜ್ಞಾನಿಗಳು ಆ ಗಡಿ ದಾಟಿದರು. ನಿರ್ವಾತಕ್ಕೆ ಚಿಮ್ಮಿಸಿದ ಸೂಕ್ಷ್ಮ ಹನಿಗಳು ಆವಿಯಾಗುತ್ತ ತಾವೇ ತಣಿದವು. ಅವು ಹೆಪ್ಪುಗಟ್ಟುವುದಕ್ಕೆ ಮೊದಲೇ ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿಗಿಂತ ಚಿಕ್ಕ ಎಕ್ಸ್‌ರೇ ಮಿಂಚು ಒಳರಚನೆಯನ್ನು ಹಿಡಿದುಬಿಟ್ಟಿತು. ತಣಿದಂತೆಲ್ಲ ನೀರಿನ ಅಣುಗಳು ನಾಲ್ಕು ನೆರೆಯವರ ಚೊಕ್ಕ ಜೋಡಣೆಯತ್ತ ಸರಿಯುತ್ತಿದ್ದವು.

ಜಕ್ಕೂರಿನ ಸಿಲಿಕಾನ್

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅತಿಶೀತಲ ದ್ರವಗಳ ಅಧ್ಯಯನಕ್ಕೆ ಲೋಕದಲ್ಲೇ ಹೆಸರಾದ ಜಾಗ. ಅಲ್ಲಿನ ಶ್ರೀಕಾಂತ್ ಶಾಸ್ತ್ರಿ 2003ರಲ್ಲಿ ಆಸ್ಟೆನ್ ಏಂಜೆಲ್ ಜೊತೆ ಪ್ರಕಟಿಸಿದ ಕೆಲಸ ಸಿಲಿಕಾನನ್ನು ಕುರಿತದ್ದು.

ಸಿಲಿಕಾನ್ ನೀರಿನಂತೆಯೇ ವಿಚಿತ್ರ. 1414 ಡಿಗ್ರಿಯಲ್ಲಿ ಕರಗಿದಾಗ ಹಿಗ್ಗುವ ಬದಲು ಕುಗ್ಗುತ್ತದೆ. ಹರಳಿನಲ್ಲಿ ಪ್ರತಿ ಪರಮಾಣುವಿಗೆ ನಾಲ್ಕು ನೆರೆಯವರಾದರೆ, ದ್ರವದಲ್ಲಿ ಆರರ ಹತ್ತಿರ. ಈ ದ್ರವವನ್ನು ಗಟ್ಟಿಯಾಗಲು ಬಿಡದೆ ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಒಮ್ಮೆಗೇ ಇನ್ನೊಂದು ಬಗೆಯ ದ್ರವವಾಗುತ್ತದೆ, ನೆರೆಯವರ ಸಂಖ್ಯೆ ನಾಲ್ಕರತ್ತ ಇಳಿಯುತ್ತದೆ ಎಂದು ಶಾಸ್ತ್ರಿ–ಏಂಜೆಲ್ ಕಂಪ್ಯೂಟರ್ ಲೆಕ್ಕ ತೋರಿಸಿತು. ಒಂದೇ ವಸ್ತು, ಎರಡು ದ್ರವ! 2011ರಲ್ಲಿ ವಿಶ್ವಾಸ್ ವಸಿಷ್ಠ, ಶಿಬು ಸಾ ಮತ್ತು ಶಾಸ್ತ್ರಿ ಆ ಎರಡು ದ್ರವಗಳ ಭೇದ ಅಳಿಯುವ ಬಿಂದುವನ್ನೂ ಲೆಕ್ಕದಿಂದ ಗುರುತಿಸಿದರು.

ತೇಲುವ ಸಿಲಿಕಾನ್ ಹನಿಗಳ ಮೇಲೆ ಹೊರದೇಶಗಳಲ್ಲಿ ಹಲವರು ಎಕ್ಸ್‌ರೇ ಬಿಟ್ಟಿದ್ದಾರೆ. ನೆರೆಯವರ ಸಂಖ್ಯೆ ಇಳಿಯುತ್ತದೆ ಎಂದಿತು ಒಂದು ಅಳತೆ, ಅಷ್ಟೇನೂ ಬದಲಾಗದು ಎಂದಿತು ಮತ್ತೊಂದು. ಲೆಕ್ಕ ಹೇಳುವ ಬದಲಾವಣೆ ಬಹಳ ಕೆಳಗಿನ ಉಷ್ಣತೆಯದು. ಅಲ್ಲಿಗೆ ಮುಟ್ಟುವ ಮೊದಲೇ ಹನಿ ಹರಳಾಗಿಬಿಡುತ್ತದೆ. ಬೆಂಗಳೂರಿನ ಲೆಕ್ಕವೂ ಸಿಂಕ್ರೊಟ್ರಾನ್‌ಗಳ ಅಳತೆಯೂ ಕೈಕೂಡುವ ಜಾಗಕ್ಕೆ ದಾರಿ ಇನ್ನೂ ಕಡಿದು.

ಕಲ್ಯಾಡಿಯ ಲಾವಾ

ಈಗ ಹಾಸನ ಜಿಲ್ಲೆಗೆ ಮರಳೋಣ. ಕಾಲ, 335 ಕೋಟಿ ವರ್ಷ ಹಿಂದೆ.

ಇಲ್ಲಿ ಆಗ ಸಮುದ್ರ. ಅದರ ತಳವನ್ನು ಒಡೆದುಕೊಂಡು ಸುಮಾರು 1600 ಡಿಗ್ರಿಯ ಲಾವಾ ಹೊರಬರುತ್ತಿತ್ತು. ಇಂದು ಭೂಮಿಯ ಮೇಲೆ ಅಷ್ಟು ಬಿಸಿಯಾದ ಲಾವಾ ಎಲ್ಲೂ ಇಲ್ಲ, ಹವಾಯಿಯದು 1200ರ ಆಸುಪಾಸು. ಮೆಗ್ನೀಷಿಯಂ ತುಂಬಿದ, ಬಹಳ ಸಲೀಸಾಗಿ ಹರಿಯುವ ಆ ಲಾವಾದಿಂದಾದ ಕಲ್ಲಿಗೆ ಕೊಮಾಟಿಐಟ್ ಎಂದು ಹೆಸರು. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ದಂಡೆಯಲ್ಲಿ ಇದನ್ನು 1969ರಲ್ಲಿ ವಿಲ್ಯೋನ್ ಸೋದರರು ಮೊದಲು ಗುರುತಿಸಿದರು.

ಕರ್ನಾಟಕದಲ್ಲಿ ಈ ಕಲ್ಲು ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲಿದೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿದೆ, ಅರಸೀಕೆರೆಯಾಚೆ ತುಮಕೂರು ಗಡಿಯ ಜಯಚಾಮರಾಜಪುರದಲ್ಲಿ, ಅಂದರೆ ಜೆ.ಸಿ. ಪುರದಲ್ಲಿ ಇದೆ, ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿದೆ. ಭೂವಿಜ್ಞಾನಿ ಎಂ. ಜಯಾನಂದ ಮತ್ತು ಸಂಗಡಿಗರು 2008ರಲ್ಲಿ ಇವುಗಳ ವಯಸ್ಸನ್ನು 335 ಕೋಟಿ ವರ್ಷ ಎಂದು ಲೆಕ್ಕ ಹಾಕಿದರು, 11 ಕೋಟಿ ಆಚೀಚೆ.

ಸಮುದ್ರದ ನೀರು ತಾಗಿದ ಕ್ಷಣ ಲಾವಾದ ಮೇಲ್ಮೈ ಧಡಕ್ಕನೆ ತಣಿಯಿತು. ಹರಳಾಗಬೇಕಾದ ಉಷ್ಣತೆಯನ್ನು ದಾಟಿ ದ್ರವ ಕೆಳಗಿಳಿಯಿತು. ಇಳಿದದ್ದೇ, ಒಲಿವಿನ್ ಎಂಬ ಖನಿಜದ ಹರಳುಗಳು ನಿಧಾನವಾಗಿ ಗುಂಡುಗುಂಡಾಗಿ ಬೆಳೆಯುವ ಬದಲು ಉದ್ದನೆಯ ತೆಳು ಅಲಗುಗಳಾಗಿ, ಒಂದಕ್ಕೊಂದು ಓರೆಯಾಗಿ, ಚಿಮ್ಮಿ ಬೆಳೆದವು. ಮೇಲಿನ ತಂಪಿಗೂ ಒಳಗಿನ ಬಿಸಿಗೂ ನಡುವಿನ ಕಡಿದಾದ ಅಂತರ ಆ ಅಲಗುಗಳನ್ನು ಇನ್ನಷ್ಟು ಉದ್ದಕ್ಕೆ ಎಳೆಯಿತು. ಆಸ್ಟ್ರೇಲಿಯದ ಹುಲ್ಲೊಂದರ ಹೆಸರಿನಿಂದ ಇದನ್ನು ಸ್ಪಿನಿಫೆಕ್ಸ್ ವಿನ್ಯಾಸ ಎನ್ನುತ್ತಾರೆ. ಕರ್ನಾಟಕದಲ್ಲಿ ಇಂಥ ವಿನ್ಯಾಸವಿರಬಹುದು ಎಂಬ ವರದಿ ಬಂದದ್ದು 1977ರಲ್ಲಿ. ಮೂಲ ಒಲಿವಿನ್ ಈಗ ಉಳಿದಿಲ್ಲ. ಅದರ ಜಾಗದಲ್ಲಿ ಬೇರೆ ಖನಿಜ ಬಂದು ಕೂತಿದೆ, ಆದರೆ ಅಲಗುಗಳ ಆಕಾರ ಹಾಗೆಯೇ ಇದೆ. ಅತಿಶೀತಲ ದ್ರವ ಹರಳಾಗಿ ಒಡೆದ ಗಳಿಗೆಯ ಬರಹ ಅದು, ಬರಿಗಣ್ಣಿಗೆ ಕಾಣುವಂಥದು.

ಆ ಲಾವಾ ಗಟ್ಟಿಯಾಗುವ ಮುನ್ನ ಒಳಗೆ ಹೇಗಿತ್ತು? ಅದಕ್ಕೂ ಎಕ್ಸ್‌ರೇ ಉತ್ತರದ ಹತ್ತಿರ ಬಂದಿದೆ. ಶುದ್ಧ ಮೆಗ್ನೀಷಿಯಂ ಒಲಿವಿನ್ 1890 ಡಿಗ್ರಿಯಲ್ಲಿ ಕರಗುತ್ತದೆ. ಪಾತ್ರೆಯಲ್ಲಿಟ್ಟು ತಣಿಸಿದರೆ ಹರಳಾಗುವುದನ್ನು ತಪ್ಪಿಸಲಾಗದು. ಆದರೆ ಪಾತ್ರೆಯಿಲ್ಲದೆ, ಅನಿಲದ ಧಾರೆಯ ಮೇಲೆ ಹನಿಯನ್ನು ತೇಲಿಸಿ ತಣಿಸಿದಾಗ ಅದು ಹರಳಾಗದೆ, ದ್ರವದ ಜೋಡಣೆಯನ್ನೇ ಹಿಡಿದಿಟ್ಟುಕೊಂಡು, ಗಾಜಾಯಿತು. ಜಪಾನಿನ ಶಿಂಜಿ ಕೊಹರಾ ಮತ್ತು ಸಂಗಡಿಗರು ಆ ಗಾಜಿನ ಮೇಲೆ ಎಕ್ಸ್‌ರೇ, ನ್ಯೂಟ್ರಾನ್ ಎರಡನ್ನೂ ಹಾಯಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಗಾಜನ್ನು ಹಿಡಿದಿಡುವುದು ಸಿಲಿಕಾದ ಬಲೆ. ಇಲ್ಲಿ ಬಲೆ ನೇಯಲು ಸಿಲಿಕಾ ಸಾಲದು. ಆ ಕೆಲಸವನ್ನು ಮೆಗ್ನೀಷಿಯಂ ವಹಿಸಿಕೊಂಡಿತ್ತು. ಹರಳಿನಲ್ಲಿ ಪ್ರತಿ ಮೆಗ್ನೀಷಿಯಂ ಸುತ್ತ ಆರು ಆಕ್ಸಿಜನ್ ಇದ್ದರೆ, ಈ ಗಾಜಿನಲ್ಲಿ ನಾಲ್ಕು, ಐದು, ಆರು ಹೀಗೆ ಬೆರಕೆ. ಲೋಹದ ಹನಿಯಲ್ಲಿ ಕಂಡ ಮಾತೇ ಇಲ್ಲಿಯೂ ಬೇರೆ ಬಗೆಯಲ್ಲಿ ನಿಜ. ಹರಳಿಗೆ ಹೊಂದದ ಸ್ವಂತ ಜೋಡಣೆಯೊಂದು ದ್ರವದಲ್ಲಿ ಇದ್ದೇ ಇರುತ್ತದೆ.

> ಉಳಿಗೆ ಬಗ್ಗುವ ಕಲ್ಲು
> ಹೊಯ್ಸಳ ಶಿಲ್ಪಗಳ ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಮತ್ತು ಕ್ಲೋರೈಟ್ ಪದರಪದರದ ಖನಿಜಗಳು. ಅವುಗಳ ರಚನೆಯನ್ನು ಎಕ್ಸ್‌ರೇ ಅಳತೆಯಿಂದ 1930ರಲ್ಲಿ ಬಿಡಿಸಿದವರು ಲೈನಸ್ ಪಾಲಿಂಗ್. ಟಾಲ್ಕ್‌ನ ಪದರಗಳು ಒಂದರ ಮೇಲೊಂದು ಬಲು ಸಡಿಲವಾಗಿ ಕೂತಿರುತ್ತವೆ. ಗಡಸುತನದ ಮಾಪಕದಲ್ಲಿ ಅದರದು 1, ವಜ್ರದ್ದು 10. ಎರಡು ಖನಿಜಗಳಲ್ಲೂ ಪದರಗಳ ನಡುವಿನ ದೂರ ಬೇರೆಬೇರೆಯಾದ್ದರಿಂದ, ಚಿಟಿಕೆ ಪುಡಿ ಸಿಕ್ಕರೆ ಸಾಕು, ಯಾವುದು ಟಾಲ್ಕ್ ಯಾವುದು ಕ್ಲೋರೈಟ್ ಎಂದು ಎಕ್ಸ್‌ರೇ ಹೇಳಿಬಿಡುತ್ತದೆ.

ಲಾವಾದಿಂದ ಮದನಿಕೆಗೆ

ಗಟ್ಟಿಯಾದ ಕಲ್ಲಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೆಗ್ನೀಷಿಯಂ ತುಂಬಿದ ಆ ಶಿಲೆಗಳು ಮುಂದೆ ನೆಲದಾಳಕ್ಕೆ ಒತ್ತಲ್ಪಟ್ಟವು. ಬಿಸಿನೀರು ಅವುಗಳೊಳಗೆ ಹರಿಯಿತು. ಒಲಿವಿನ್ ನೀರು ಕುಡಿದು ಸರ್ಪೆಂಟೈನ್ ಆಯಿತು, ಮತ್ತೆ ಬದಲಾಗಿ ಟಾಲ್ಕ್, ಕ್ಲೋರೈಟ್ ಆಯಿತು. ಹಾಸನ, ತುಮಕೂರು ಸೀಮೆಯ ಬಳಪದ ಕಲ್ಲುಗಳ ಹುಟ್ಟು ಇಂಥ ಮೆಗ್ನೀಷಿಯಂ ಶಿಲೆಗಳಲ್ಲಿ.

1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದಾಗ, ಅದಾಗಿ ಕೆಲವೇ ವರ್ಷಗಳಲ್ಲಿ ಹಳೇಬೀಡಿನ ಹೊಯ್ಸಳೇಶ್ವರ ಏಳತೊಡಗಿದಾಗ, ಶಿಲ್ಪಿಗಳು ಆರಿಸಿಕೊಂಡದ್ದು ಈ ಬಗೆಯ ಕಲ್ಲನ್ನು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮದನಿಕೆಯ ಕೊರಳ ಹಾರವನ್ನು ಎಳೆಎಳೆಯಾಗಿ ಬಿಡಿಸಿದ್ದು, ಹಿಂದೆ ಬೆರಳು ತೂರಿಸುವಷ್ಟು ತೆರವು ಕೊರೆದದ್ದು, ಕಂಬಗಳನ್ನು ತಿರುಗಿಸಿ ನುಣುಪಾದ ಬಳೆಗಳಂತೆ ಕಡೆದದ್ದು ಎಲ್ಲವೂ ಪದರದ ಮೇಲೆ ಪದರ ಸಡಿಲವಾಗಿ ಕೂತ ಆ ಪರಮಾಣುಗಳ ಜೋಡಣೆಯಿಂದ ಸಾಧ್ಯವಾಯಿತು. ಗ್ರಾನೈಟಿನಲ್ಲಿ ಹೊಯ್ಸಳರ ಕುಸುರಿ ಹುಟ್ಟುತ್ತಿರಲಿಲ್ಲ. ಶಿಲ್ಪಿಗಳ ಪ್ರತಿಭೆಗೆ ಇದರಿಂದ ಕುಂದೇನೂ ಇಲ್ಲ. ಕಲ್ಲಿನ ಮನಸ್ಸನ್ನು ಉಳಿಯ ತುದಿಯಲ್ಲಿ ಅರಿತದ್ದೂ ಪ್ರತಿಭೆಯೇ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಸಂಭ್ರಮ ನ್ಯಾಯವಾದದ್ದು. ಆದರೆ ಆ ಶಿಲ್ಪಗಳಿಗೆ ಮೈಕೊಟ್ಟ ನೆಲದ ಕಥೆಗೆ ಅಂಥ ಮನ್ನಣೆ ದೊರೆತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಹೆಸರಿಸಿದವುಗಳಲ್ಲಿ ಲಾಲ್‌ಬಾಗಿನ ಬಂಡೆಯಿದೆ, ಮಲ್ಪೆಯ ಸೇಂಟ್ ಮೇರಿ ದ್ವೀಪವಿದೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬು ಲಾವಾ ಇದೆ, ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಯಿದೆ. ಕಲ್ಯಾಡಿ ಇಲ್ಲ, ನುಗ್ಗೇಹಳ್ಳಿ ಇಲ್ಲ, ಜೆ.ಸಿ. ಪುರವೂ ಇಲ್ಲ.

ಹಳೇಬೀಡಿನಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಮುರಿದ ವಿಗ್ರಹಗಳ ಸಾಲಿನ ಪಕ್ಕದಲ್ಲಿ ಅಲ್ಲೊಂದು ಮೇಜು ಹಾಕಲಿ. ಅದರ ಮೇಲೆ ಅಲಗುಗಳ ವಿನ್ಯಾಸವಿರುವ ಒಂದು ತುಂಡು ಕೊಮಾಟಿಐಟ್, ಒಂದು ತುಂಡು ಬಳಪದ ಕಲ್ಲು, ಎರಡರ ಎಕ್ಸ್‌ರೇ ವಿವರ್ತನೆಯ ಪಟಗಳು, ಕನ್ನಡದಲ್ಲಿ ನಾಲ್ಕು ಸಾಲಿನ ವಿವರ ಇರಲಿ. ಜಿಲ್ಲೆಯ ಶಾಲೆಗಳು ವರ್ಷವರ್ಷ ಮಕ್ಕಳನ್ನು ಬಸ್ಸಿನಲ್ಲಿ ಬೇಲೂರು–ಹಳೇಬೀಡಿಗೆ ಕರೆದುಕೊಂಡು ಬರುತ್ತವೆ. ಅದೇ ಬಸ್ಸು ಕಲ್ಯಾಡಿಗೂ ಹೋಗಲಿ. ಬಂಡೆಗಳನ್ನು ಒಡೆಯದೆ, ಚೂರು ಕಿತ್ತು ಜೇಬಿಗಿಳಿಸದೆ ನೋಡುವುದನ್ನು ಮೇಷ್ಟ್ರು ಅಲ್ಲೇ ಕಲಿಸಲಿ. ಆ ಹೊರಹಾಸುಗಳಿಗೆ ಬೇಲಿಯೂ ಫಲಕವೂ ಬರಲು ಗ್ರಾಮ ಪಂಚಾಯಿತಿ ಮತ್ತು ಗಣಿ, ಭೂವಿಜ್ಞಾನ ಇಲಾಖೆ ಮನಸ್ಸು ಮಾಡಬೇಕು. ಜಲ್ಲಿ ಕ್ರಷರುಗಳು ಅತ್ತ ತಿರುಗುವ ಮೊದಲೇ.